ವಿಜಯಪುರದಿಂದ ಲಿಸ್ಬನ್ನಿಗೆ ಹೋಗುವವರಿಗೆ

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿಗೆ ನಾನು ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಒಬ್ಬನೇ 8 ದಿನ ಇದ್ದೆ. ಎರಡನೆಯ ಸಲ 68 ವರ್ಷದ ಅವ್ವನನ್ನು ಕರೆದುಕೊಂಡು ಹೋಗಿ 11 ದಿನ ಇದ್ದೆ. ಮೊದಲ ಸಲ ಗೊತ್ತಿಲ್ಲದೆ ಮಾಡಿದ ತಪ್ಪುಗಳನ್ನು ಎರಡನೆಯ ಸಲ ಅವ್ವನ ಮೊಣಕಾಲಿನ ಕಾರಣಕ್ಕಾದರೂ ತಿದ್ದಿಕೊಳ್ಳಬೇಕಾಯಿತು. ಊರಿನಲ್ಲಿ ಈಗ ಮಕ್ಕಳ ಓದಿಗೆಂದೋ ನೌಕರಿಗೆಂದೋ ಯುರೋಪಿನ ಕಡೆ ಹೋಗಿಬರುವವರು ಹೆಚ್ಚಾಗಿದ್ದಾರೆ. ಅವರಲ್ಲಿ ಕೆಲವರು ಲಿಸ್ಬನ್ನಿಗೂ ಹೋಗಬೇಕೆಂದು ನನ್ನನ್ನು ಕೇಳಿದಾಗ ಬಾಯಿಮಾತಿನಲ್ಲಿ ಹೇಳುತ್ತಿದ್ದ ಸಂಗತಿಗಳನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಮಾತು ಒಂದಿದೆ. ಲಿಸ್ಬನ್ನಿನಲ್ಲಿ ದಿನದ ಯೋಜನೆಯನ್ನು ದೂರ ನೋಡಿ ಹಾಕಬಾರದು, ಏರಿಳಿತ ನೋಡಿ ಹಾಕಬೇಕು. ನಾವು ಬಯಲುಸೀಮೆಯವರು; ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾದವರೆಗೆ ನಡೆದರೂ ಏರು ಎಂಬುದು ನಮ್ಮ ಕಾಲಿಗೆ ತಿಳಿಯುವುದಿಲ್ಲ. ಲಿಸ್ಬನ್ ಹಾಗಲ್ಲ. ಏಳು ಗುಡ್ಡಗಳ ಊರು ಎಂದು ಅದನ್ನು ಕರೆಯುತ್ತಾರೆ. ಮೊಬೈಲಿನ ನಕಾಶೆಯಲ್ಲಿ ಅರ್ಧ ಕಿಲೋಮೀಟರು ಎಂದು ತೋರುವ ದಾರಿ ಅಲ್ಲಿಗೆ ಹೋದ ಮೇಲೆ ನಾಲ್ಕು ಸಾಲು ಮೆಟ್ಟಿಲಾಗಿ ಎದುರಿಗೆ ನಿಲ್ಲುತ್ತದೆ. ಆದ್ದರಿಂದ ಮುಂಜಾನೆ ವಾಹನದಲ್ಲಿ ಮೇಲಕ್ಕೆ ಹೋಗಬೇಕು, ಮಧ್ಯಾಹ್ನದವರೆಗೆ ನಡೆಯುತ್ತ ಊರಿನ ಬದಿಯ ತೇಜು ಹೊಳೆಯ ಕಡೆಗೆ ಇಳಿಯಬೇಕು. ಏರು ಗಾಡಿಗೆ, ಇಳಿಜಾರು ಕಾಲಿಗೆ. ಇದೊಂದನ್ನು ಪಾಲಿಸಿದರೆ ವಯಸ್ಸಾದವರೂ ಆ ಊರನ್ನು ಸಮಾಧಾನವಾಗಿ ನೋಡಬಹುದು.

ಯುರೋಪಿನಲ್ಲಿ ಇಷ್ಟೆಲ್ಲ ಊರುಗಳಿರುವಾಗ ವಿಜಯಪುರದವರಿಗೆ ಲಿಸ್ಬನ್ ಏಕೆ ಎಂದು ಕೆಲವರು ಕೇಳುತ್ತಾರೆ. ಗೋವೆಯನ್ನು ಪೋರ್ಚುಗೀಸರು ಯಾರಿಂದ ತೆಗೆದುಕೊಂಡರು ಎಂಬುದನ್ನು ನೆನೆದರೆ ಅದಕ್ಕೆ ಉತ್ತರ ಸಿಗುತ್ತದೆ. 1510ರಲ್ಲಿ ಗೋವೆ ನಮ್ಮ ಊರಿನ ಆದಿಲ್‌ಶಾಹಿ ಅರಸರ ಬಂದರಾಗಿತ್ತು, ಅರಬಸ್ತಾನದ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಜಾಗವಾಗಿತ್ತು. ಪೋರ್ಚುಗೀಸರ ದಂಡನಾಯಕ ಅಫೋನ್ಸೊ ದ ಅಲ್ಬುಕರ್ಕ್ ಆ ವರ್ಷದ ಫೆಬ್ರುವರಿಯಲ್ಲಿ ಅದನ್ನು ಹಿಡಿದ. ಆದಿಲ್‌ಶಾಹಿ ಸೈನ್ಯ ಕೆಲವೇ ತಿಂಗಳಲ್ಲಿ ಅವನನ್ನು ಹೊರಗೆ ಅಟ್ಟಿತು. ಅವನು ನವೆಂಬರ್ 25ರಂದು ಮತ್ತೆ ಬಂದು ಗೆದ್ದ. ಅಲ್ಲಿಂದ ಮುಂದೆ 1961ರ ಡಿಸೆಂಬರ್ 19ರವರೆಗೆ ಗೋವೆಯ ದೊರೆತನ ಲಿಸ್ಬನ್ನಿನದೇ ಆಗಿತ್ತು. ನಾವು ಶಾಲೆಯಲ್ಲಿ ಈ ಕತೆಯ ಒಂದು ತುದಿಯನ್ನು ಮಾತ್ರ ಓದಿದ್ದೇವೆ. ಇನ್ನೊಂದು ತುದಿ ಕಲ್ಲಿನಲ್ಲಿ, ಗೋರಿಗಳಲ್ಲಿ, ಹೆಂಚುಗಳಲ್ಲಿ ಆ ಊರಿನ ತುಂಬ ಹರಡಿಕೊಂಡಿದೆ.

ಹೊರಡುವ ಮೊದಲು

ಪೋರ್ಚುಗಲ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಕನಿಷ್ಠ 15 ದಿನ ಮೊದಲು ಹಾಕಲೇಬೇಕೆಂದು ನಿಯಮವಿದ್ದರೂ ಎರಡು ಮೂರು ತಿಂಗಳ ಮೊದಲೇ ಮುಗಿಸಿಕೊಂಡರೆ ಮನಸ್ಸಿಗೆ ನೆಮ್ಮದಿ. ವಯಸ್ಕರಿಗೆ ಶುಲ್ಕ 90 ಯೂರೋ. ಅರ್ಜಿ ಸ್ವೀಕರಿಸುವ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಬೇಕು. ಪಾಸ್‌ಪೋರ್ಟು ಹತ್ತು ವರ್ಷದ ಒಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಮರಳುವ ದಿನದ ನಂತರ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಬೆರಳಚ್ಚು ಕೊಡಲು ಅರ್ಜಿದಾರರೇ ಹೋಗಬೇಕಾಗುತ್ತದೆ. ಅವ್ವನನ್ನು ಅದಕ್ಕಾಗಿಯೇ ಒಂದು ದಿನ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಊರಿನಿಂದ ಗೋಳಗುಮ್ಮಟ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಮಲಗಿ ಹೋದರೆ ಈ ಕೆಲಸ ಹಗುರವಾಗುತ್ತದೆ.

ವಿಮಾನ ಮುಂಬಯಿಯಿಂದಾದರೂ ಸರಿ, ಬೆಂಗಳೂರಿನಿಂದಾದರೂ ಸರಿ. ದುಬೈ, ದೋಹಾ ಅಥವಾ ಇಸ್ತಾಂಬುಲ್‌ನಲ್ಲಿ ಒಮ್ಮೆ ಬದಲಿಸಿದರೆ ಲಿಸ್ಬನ್ ಮುಟ್ಟಬಹುದು. ನಡುವಿನ ಬಿಡುವು ಮೂರು ತಾಸಿಗಿಂತ ಕಡಿಮೆ ಇರದಂತೆ ಟಿಕೆಟ್ ತೆಗೆಸಿರಿ. ಅಲ್ಲಿಯ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಐದೂವರೆ ತಾಸು, ಬೇಸಿಗೆಯಲ್ಲಿ ನಾಲ್ಕೂವರೆ ತಾಸು ಹಿಂದೆ ಇರುತ್ತದೆ.

ಹೋಗಲು ಮೇ, ಜೂನ್, ಸೆಪ್ಟೆಂಬರ್ ತಿಂಗಳುಗಳು ಉತ್ತಮ. ನವೆಂಬರಿನಿಂದ ಮಾರ್ಚಿನವರೆಗೆ ಮಳೆ. ಜುಲೈ, ಆಗಸ್ಟಿನ ಬಿಸಿಲು ನಮಗೆ ಹೊಸದೇನಲ್ಲ, ಆದರೆ ಆಗಿನ ಜನಸಂದಣಿ ಸಹಿಸಲು ಕಷ್ಟ. ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಆದ್ದರಿಂದ ಮಧ್ಯಾಹ್ನ ಮನೆಗೆ ಮರಳಿ ಎರಡು ತಾಸು ಮಲಗಿ ಎದ್ದರೂ ಸಂಜೆಗೆ ಬೇಕಾದಷ್ಟು ಬೆಳಕು ಉಳಿದಿರುತ್ತದೆ. ವಯಸ್ಸಾದವರೊಂದಿಗೆ ಹೋಗುವವರು ಈ ಅನುಕೂಲವನ್ನು ಬಿಡಬಾರದು.

ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಯ್ದರೆ ಅಡ್ಡಿಯಿಲ್ಲ. ತುಪ್ಪ, ಪೇಢೆ, ಖವೆಯಂತಹ ಹಾಲಿನ ಪದಾರ್ಥಗಳನ್ನು ಹೊರಗಿನ ದೇಶಗಳಿಂದ ಒಳಗೆ ಬಿಡುವುದಿಲ್ಲ. ಹಸಿ ಕರಿಬೇವನ್ನೂ ಬಿಡುವುದಿಲ್ಲ. ಪಾದರಕ್ಷೆಯ ವಿಷಯವನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು. ಲಿಸ್ಬನ್ನಿನ ಕಾಲುದಾರಿಗಳಿಗೆಲ್ಲ ಕಾಲ್ಸಾದಾ ಎಂಬ ಹಾಸು ಇದೆ. ಬಿಳಿ ಮತ್ತು ಕಪ್ಪು ಸುಣ್ಣಕಲ್ಲನ್ನು ಮುಷ್ಟಿಯೊಳಗೆ ಹಿಡಿಯುವಷ್ಟು ಸಣ್ಣ ತುಂಡುಗಳಾಗಿ ಒಡೆದು ಒಂದೊಂದನ್ನೇ ಕೈಯಿಂದ ಕೂರಿಸಿ ತೆರೆ, ಬಳ್ಳಿ, ಹಡಗುಗಳ ಚಿತ್ತಾರ ಮಾಡಿರುತ್ತಾರೆ. ವರ್ಷಗಟ್ಟಲೆ ಜನ ತುಳಿದು ಅದು ಬೆಣ್ಣೆಯ ಹಾಗೆ ನುಣುಪಾಗಿದೆ. ಎರಡನೆಯ ದಿನ ಬೆಳಗಿನ ತುಂತುರಿನಲ್ಲಿ ಅವ್ವ ತೊಗಲಿನ ಚಪ್ಪಲಿ ಹಾಕಿಕೊಂಡು ಇಳಿಜಾರಿನಲ್ಲಿ ಹೆಜ್ಜೆ ಇಟ್ಟವಳೇ ಜಾರಿದಳು. ಗೋಡೆಗೆ ಕೈ ಸಿಕ್ಕಿದ್ದರಿಂದ ಅಂಗೈ ತರಚಿದ್ದರಲ್ಲಿಯೇ ಮುಗಿಯಿತು. ಅದೇ ದಿನ ರಬ್ಬರ್ ಅಡಿಯ ಬೂಟು ಕೊಡಿಸಿದೆ. ಈ ಬೂಟನ್ನು ಊರಿನಲ್ಲಿಯೇ ಕೊಂಡು, ಹದಿನೈದು ದಿನ ಮೊದಲೇ ಹಾಕಿ ಕಾಲಿಗೆ ರೂಢಿ ಮಾಡಿಕೊಂಡು ಹೋಗಿರಿ.

ಎಲ್ಲಿ ಇಳಿದುಕೊಳ್ಳಬೇಕು

ಅಲ್ಫಾಮಾ ಎಂಬ ಹಳೆಯ ಕೇರಿಯಲ್ಲಿ ಉಳಿಯುವ ಆಸೆ ಎಲ್ಲರಿಗೂ ಆಗುತ್ತದೆ. ನಾನೂ ಮೊದಲ ಸಲ ಅಲ್ಲಿಯೇ ಇದ್ದೆ. ಅಲ್ಲಿಯ ಓಣಿಗಳೊಳಗೆ ವಾಹನ ಹೋಗುವುದಿಲ್ಲ, ಹಳೆಯ ಮನೆಗಳಲ್ಲಿ ಲಿಫ್ಟ್ ಅಪರೂಪ, ಚಕ್ರದ ಪೆಟ್ಟಿಗೆಯನ್ನು ಮೆಟ್ಟಿಲುಗಳ ಮೇಲೆ ಹೊತ್ತೇ ಸಾಗಿಸಬೇಕು. ಕುಟುಂಬದೊಂದಿಗೆ ಹೋಗುವವರಿಗೆ ನಾನು ಹೇಳುವುದು ಅಲ್ಮಿರಾಂತ್ ರೇಯಿಶ್ ಎಂಬ ದೊಡ್ಡ ರಸ್ತೆಯ ಎರಡೂ ಬದಿಯಲ್ಲಿರುವ ಆಂಜುಶ್, ಅರೋಯುಶ್ ಭಾಗಗಳನ್ನು. ಅದು ಗುಡ್ಡಗಳ ನಡುವಿನ ಕಣಿವೆಯಾದ್ದರಿಂದ ನೆಲ ಸಮವಾಗಿದೆ. ಮೆಟ್ರೋದ ಹಸಿರು ಮಾರ್ಗ ಆ ರಸ್ತೆಯ ಕೆಳಗೇ ಓಡುತ್ತದೆ. ಒಂದೆರಡು ನಿಲ್ದಾಣ ಮುಂದೆ ಮಾರ್ತಿಂ ಮೊನೀಶ್ ಚೌಕದ ಸುತ್ತ ಭಾರತ, ನೇಪಾಳ, ಬಾಂಗ್ಲಾದೇಶದವರ ಕಿರಾಣಿ ಅಂಗಡಿಗಳಿದ್ದು ಬೇಳೆ, ಗೋಧಿಹಿಟ್ಟು, ಹಸಿಮೆಣಸಿನಕಾಯಿ, ಕೊತ್ತಂಬರಿ ಸಿಗುತ್ತವೆ. ಅಡುಗೆಮನೆ ಇರುವ ಬಾಡಿಗೆ ಮನೆಯನ್ನೇ ಹಿಡಿಯಿರಿ. ಎಷ್ಟನೆಯ ಮಹಡಿ, ಲಿಫ್ಟ್ ಇದೆಯೇ ಎಂದು ಹಣ ಕೊಡುವ ಮೊದಲೇ ಕೇಳಿಕೊಳ್ಳಿರಿ. ಬಾಡಿಗೆಯ ಮೇಲೆ ಒಬ್ಬರಿಗೆ ಒಂದು ರಾತ್ರಿಗೆ 4 ಯೂರೋ ಪ್ರವಾಸಿ ತೆರಿಗೆಯನ್ನು ಏಳು ರಾತ್ರಿಯವರೆಗೆ ನಗರಸಭೆ ವಸೂಲಿ ಮಾಡುತ್ತದೆ. ನಲ್ಲಿಯ ನೀರನ್ನು ಹಾಗೆಯೇ ಕುಡಿಯಬಹುದು.

ವಿಮಾನ ನಿಲ್ದಾಣ ಊರೊಳಗೇ ಇದೆ. ಅಲ್ಲಿಂದ ಮೆಟ್ರೋದ ಕೆಂಪು ಮಾರ್ಗ ಹಿಡಿದು ಅಲಮೇದಾದಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಈ ಭಾಗಕ್ಕೆ ಬರಬಹುದು. ನಿಲ್ದಾಣದಲ್ಲಿಯೇ ತಲೆಗೊಂದರಂತೆ ನಾವೆಗಾಂತ್ ಕಾರ್ಡು ಕೊಂಡು ಹಣ ತುಂಬಿಸಿಕೊಳ್ಳಿರಿ. ಒಂದೇ ಕಾರ್ಡನ್ನು ಇಬ್ಬರು ಬಳಸುವಂತಿಲ್ಲ. ಮೆಟ್ರೋ, ಬಸ್, ಟ್ರಾಮ್, ಸುತ್ತಲ ಊರುಗಳ ರೈಲು, ಹೊಳೆ ದಾಟುವ ದೋಣಿ ಎಲ್ಲದಕ್ಕೂ ಅದೇ ನಡೆಯುತ್ತದೆ.

ಎರಡನೆಯ ಸಲ ನಮಗೆ ಮನೆ ಕೊಟ್ಟ ಹೆಂಗಸು ಬಾಗಿಲಲ್ಲಿ ನಿಂತು ಬೀಗದ ಕೈಯನ್ನು ಅವ್ವನ ಕೈಗೆ ಕೊಟ್ಟು “ಶಾವ್” ಎಂದಳು. ಅವ್ವ ನನ್ನ ಕಡೆ ತಿರುಗಿ, “ಚಾವಿ ಅಂದ್ಳೇನೋ ತಮ್ಮಾ ಇಕಿ?” ಎಂದಳು. ಹೌದು, ಅದೇ ಶಬ್ದ. ಚಾವಿ, ಬಟಾಟಿ, ಪಗಾರ, ಲಿಲಾವು, ಪಾವ್ ಇವೆಲ್ಲ ಪೋರ್ಚುಗೀಸರ ಬಾಯಿಂದ ಗೋವೆಯ ಘಟ್ಟ ಹತ್ತಿ ನಮ್ಮ ಮನೆಗಳಿಗೆ ಬಂದವು. ಅಂದು ಸಂಜೆ ಅವ್ವ ಅಂಗಡಿಯಲ್ಲಿ ತಾನೇ ಮುಂದಾಗಿ “ಬಟಾಟಾ” ಎಂದು ಕೇಳಿ ಒಂದು ಕಿಲೋ ತೂಗಿಸಿಕೊಂಡು ಬಂದಳು. ಮನೆಯ ಹಿರಿಯರಿಗೆ ಈ ಶಬ್ದಗಳನ್ನು ಮೊದಲೇ ಹೇಳಿ ಕರೆದುಕೊಂಡು ಹೋದರೆ ಪರದೇಶದ ಅಂಜಿಕೆ ಅರ್ಧ ಕಡಿಮೆಯಾಗುತ್ತದೆ.

ಗುಡ್ಡದಿಂದ ಹೊಳೆಗೆ

ಊರಿನ ನಡುಭಾಗವನ್ನು ನೋಡಲು ಒಂದು ಪೂರ್ತಿ ದಿನ ಇಡಿರಿ. ಬೆಳಗ್ಗೆ ಎಂಟರ ಮೊದಲು ಮಾರ್ತಿಂ ಮೊನೀಶ್‌ನಿಂದ 28ನೆಯ ನಂಬರಿನ ಹಳದಿ ಟ್ರಾಮ್ ಹತ್ತಿ ಗ್ರಾಸಾದಲ್ಲಿ ಇಳಿಯಿರಿ. ಹತ್ತು ಗಂಟೆಯ ನಂತರ ಆ ಟ್ರಾಮಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ, ಕಿಸೆಗಳ್ಳರ ಕಾಟವೂ ಅಲ್ಲಿಯೇ ಹೆಚ್ಚು. ತಡವಾದರೆ ಹಟ ಮಾಡದೆ ಟ್ಯಾಕ್ಸಿ ಹಿಡಿಯಿರಿ. ಗ್ರಾಸಾದ ಹತ್ತಿರವಿರುವ ಸೆಞೋರಾ ದು ಮೊಂತ್ ಎಂಬ ಕಟ್ಟೆಯ ಮೇಲೆ ನಿಂತರೆ ಇಡೀ ಊರು, ಕೋಟೆ, ತೇಜು ಹೊಳೆ, ಅದರ ಮೇಲಿನ ಕೆಂಪು ಸೇತುವೆ ಒಟ್ಟಿಗೆ ಕಾಣುತ್ತವೆ. ಅಲ್ಲಿಂದ ಮುಂದಿನ ದಾರಿ ಬಹುಪಾಲು ಇಳಿಜಾರು. ಪೋರ್ತಶ್ ದು ಸೋಲ್, ಸಾಂತಾ ಲುಜಿಯಾ ಎಂಬ ನೋಟದ ಕಟ್ಟೆಗಳಲ್ಲಿ ಕುಳಿತು ಎದ್ದು, ಬೇಕಿದ್ದವರು ಪಕ್ಕದ ಸಾವ್ ಜಾರ್ಜ್ ಕೋಟೆಗೆ ಹೋಗಿ, ಹಳೆಯ ಕ್ಯಾಥೆಡ್ರಲ್ ದಾಟಿ ಹೊಳೆಯ ದಂಡೆಗೆ ಇಳಿಯಬಹುದು. ಕೋಟೆಯನ್ನು 1147ರಲ್ಲಿ ಪೋರ್ಚುಗಲ್ಲಿನ ಮೊದಲ ದೊರೆ ಅಫೋನ್ಸೊ ಹೆನ್ರಿಕ್ಸ್ ಮೂರ್ ಎಂಬ ಅರಬ್ಬಿ ನುಡಿಯ ಮುಸ್ಲಿಮರಿಂದ ಗೆದ್ದುಕೊಂಡ. ಅಲ್ಫಾಮಾ ಎಂಬ ಹೆಸರಿನಲ್ಲಿ ಆ ಅರಬರ ನುಡಿ ಇಂದಿಗೂ ಉಳಿದಿದೆ.

ಕೆಳಗಿನ ಪೇಟೆಯಿಂದಲೇ ಕೋಟೆಗೆ ಹೋಗಬೇಕಾದರೆ ಫಾಂಕೇಯ್ರುಶ್ ಬೀದಿಯ ಒಂದು ಕಟ್ಟಡದೊಳಗಿನ ಸಾರ್ವಜನಿಕ ಲಿಫ್ಟನ್ನು ಕೇಳಿಕೊಂಡು ಹೋಗಿರಿ, ಅದಕ್ಕೆ ಹಣವಿಲ್ಲ. ಅದರಿಂದ ಹೊರಬಂದು ಸ್ವಲ್ಪ ನಡೆದರೆ ಎರಡನೆಯ ಲಿಫ್ಟ್ ಇದ್ದು, ಎರಡೂ ಸೇರಿ ಏರಿನ ಹೆಚ್ಚಿನ ಭಾಗವನ್ನು ಕಳೆಯುತ್ತವೆ. ಹಗ್ಗದಿಂದ ಎಳೆಯುವ ಹಳೆಯ ಏರುಬಂಡಿಗಳನ್ನು ನೆಚ್ಚಿಕೊಂಡು ಯೋಜನೆ ಹಾಕಬೇಡಿರಿ. 2025ರ ಸೆಪ್ಟೆಂಬರ್ 3ರಂದು ಅವುಗಳಲ್ಲಿ ಒಂದಾದ ಗ್ಲೋರಿಯಾ ಹಳಿ ತಪ್ಪಿ 16 ಜನ ಪ್ರಾಣ ಕಳೆದುಕೊಂಡರು, ಆಮೇಲೆ ಉಳಿದವನ್ನೂ ತಪಾಸಣೆಗೆಂದು ನಿಲ್ಲಿಸಿದರು. ಓಡುತ್ತಿವೆಯೇ ಎಂದು ಹೋಗುವ ದಿನವೇ ವಿಚಾರಿಸಬೇಕು.

ಹೊಳೆಯ ದಂಡೆಗೆ ಬಂದಾಗ ಕಾಜಾ ದುಶ್ ಬಿಕುಶ್ ಎಂಬ ಮನೆಯ ಮುಂದೆ ಐದು ನಿಮಿಷವಾದರೂ ನಿಲ್ಲಬೇಕೆಂದು ನನ್ನ ಬಿನ್ನಹ. ಅದರ ಮುಂಗೋಡೆಯ ಪ್ರತಿಯೊಂದು ಕಲ್ಲನ್ನೂ ವಜ್ರದ ಹರಳಿನ ಹಾಗೆ ನಾಲ್ಕು ಮುಖ ಕಡೆದು ಮೊನೆ ಹೊರಕ್ಕೆ ಬರುವಂತೆ ಕೂರಿಸಿದ್ದಾರೆ. ಬಿಸಿಲು ಓರೆಯಾಗಿ ಬಿದ್ದಾಗ ಕಲ್ಲಿನ ಒಂದು ಮಗ್ಗುಲು ಬೆಳಗಿ ಇನ್ನೊಂದು ಕಪ್ಪಾಗಿ, ಇಡೀ ಗೋಡೆ ಹಲಸಿನ ಹಣ್ಣಿನ ಸಿಪ್ಪೆಯಂತೆ ಕಾಣುತ್ತದೆ. ಇದನ್ನು 1523ರಲ್ಲಿ ಕಟ್ಟಿಸಿದವನು ಬ್ರಾಸ್ ದ ಅಲ್ಬುಕರ್ಕ್, ಅಂದರೆ ಗೋವೆಯನ್ನು ನಮ್ಮವರಿಂದ ಗೆದ್ದವನ ಮಗ. ಈಗ ಅದು ನೊಬೆಲ್ ಪ್ರಶಸ್ತಿ ಪಡೆದ ಲೇಖಕ ಜೋಸೆ ಸರಮಾಗೊ ಅವರ ಹೆಸರಿನ ಪ್ರತಿಷ್ಠಾನದ ಮನೆ.

ಅಲ್ಲಿಂದ ಸಮನೆಲದಲ್ಲಿ ಸ್ವಲ್ಪ ನಡೆದರೆ ಪ್ರಾಸಾ ದು ಕೊಮೆರ್ಸಿಯು ಎಂಬ ದೊಡ್ಡ ಚೌಕ ಬರುತ್ತದೆ. ಮೂರು ಕಡೆ ಹಳದಿ ಕಮಾನುಗಳ ಸಾಲು, ನಾಲ್ಕನೆಯ ಕಡೆ ಬರೀ ನೀರು. ಇಲ್ಲಿ ಮೊದಲು ಅರಮನೆಯಿತ್ತು. ನಮ್ಮ ಕರಾವಳಿಯ ಮೆಣಸಿನ ವ್ಯಾಪಾರದ ಲೆಕ್ಕವನ್ನೆಲ್ಲ ಇಟ್ಟಿದ್ದ ‘ಕಾಜಾ ದಾ ಇಂಡಿಯಾ’ ಎಂಬ ಸರಕಾರಿ ಕಚೇರಿಯೂ ಅದರೊಳಗೇ ಇತ್ತು. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಮುಂಜಾನೆ, ಜನ ಚರ್ಚುಗಳಲ್ಲಿ ತುಂಬಿದ್ದಾಗ ಭೂಮಿ ನಡುಗಿತು. ಹಿಂದೆಯೇ ಸಮುದ್ರ ಉಕ್ಕಿ ಹೊಳೆಯ ಮುಖಾಂತರ ಒಳಗೆ ನುಗ್ಗಿತು, ಹಬ್ಬದ ದೀಪಗಳಿಂದ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಅರಮನೆಯೂ ಆ ಕಚೇರಿಯೂ ಉಳಿಯಲಿಲ್ಲ. ಪೊಂಬಾಲ್‌ನ ಮಾರ್ಕ್ವಿಸ್ ಎಂದು ಮುಂದೆ ಹೆಸರಾದ ಮಂತ್ರಿ ಆ ಬೂದಿಯ ಮೇಲೆ ನೇರ ಬೀದಿಗಳ ಹೊಸ ಪೇಟೆ ಕಟ್ಟಿಸಿದ. ಗೋಡೆಗಳ ಒಳಗೆ ಕಟ್ಟಿಗೆಯ ಪಂಜರ ಇಡಿಸಿದ. ನೆಲ ಅಲುಗಿದರೆ ಕಟ್ಟಿಗೆ ಬಾಗಿ ತಾಳಿಕೊಳ್ಳಲಿ ಎಂಬುದು ಅದರ ಉದ್ದೇಶ. ಚಿನ್ನದವರ ಬೀದಿ, ಬೆಳ್ಳಿಯವರ ಬೀದಿ, ಚಪ್ಪಲಿ ಹೊಲಿಯುವವರ ಬೀದಿ ಎಂದು ಕಸುಬಿನ ಹೆಸರುಗಳೇ ಅಲ್ಲಿ ಇಂದಿಗೂ ಇವೆ. ಈ ಬೀದಿಗಳಲ್ಲಿ ಯಾರಾದರೂ ಪಕ್ಕಕ್ಕೆ ಬಂದು ಮೆಲ್ಲಗೆ ಏನನ್ನಾದರೂ ಮಾರಲು ತೋರಿಸಿದರೆ ಮಾತನಾಡದೆ ಮುಂದೆ ನಡೆಯಿರಿ.

ಭೂಕಂಪ ಏನು ಮಾಡಿತೆಂದು ಕಣ್ಣಾರೆ ನೋಡಬೇಕಾದವರು ಮೇಲಿನ ಷಿಯಾದು ಭಾಗದ ಕಾರ್ಮು ಮಠಕ್ಕೆ ಹೋಗಬೇಕು. ಮಾಡು ಬಿದ್ದುಹೋದ ಚರ್ಚಿನ ಕಮಾನುಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ; ಆಕಾಶವೇ ಅದಕ್ಕೆ ಚಾವಣಿ. ನಮ್ಮ ಬಾರಾ ಕಮಾನಿನೊಳಗೆ ನಿಂತು ಮೇಲೆ ನೋಡಿದವರಿಗೆ ಆ ನೋಟ ಅಪರಿಚಿತವೆನಿಸದು. ಇಲ್ಲಿಗೂ ಮೆಟ್ಟಿಲು ಹತ್ತಬೇಕಾಗಿಲ್ಲ. ಬಾಯಿಷಾ-ಷಿಯಾದು ಮೆಟ್ರೋ ನಿಲ್ದಾಣದೊಳಗಿನ ಚಲಿಸುವ ಮೆಟ್ಟಿಲುಗಳು ಕೆಳಗಿನ ಪೇಟೆಯಿಂದ ಮೇಲಿನ ಬೀದಿಗೆ ಒಯ್ದು ಬಿಡುತ್ತವೆ.

ಬಾರಾ ಕಮಾನಿನ ಮಾತು ಬಂದದ್ದರಿಂದ ಇನ್ನೊಂದನ್ನು ಇಲ್ಲಿಯೇ ಹೇಳುತ್ತೇನೆ. ಊರಿನ ಪೂರ್ವಕ್ಕೆ ಸಾಂತಾ ಎಂಗ್ರಾಸಿಯಾ ಎಂಬ ದೊಡ್ಡ ಗುಮ್ಮಟದ ಕಟ್ಟಡವಿದೆ. 1682ರಲ್ಲಿ ಆರಂಭವಾದ ಅದರ ಕೆಲಸ ಮುಗಿದದ್ದು 1966ರಲ್ಲಿ. ಮುಗಿಯದ ಕೆಲಸಕ್ಕೆ ‘ಸಾಂತಾ ಎಂಗ್ರಾಸಿಯಾದ ಕೆಲಸ’ ಎನ್ನುವುದು ಅಲ್ಲಿಯ ಗಾದೆಮಾತೇ ಆಗಿದೆ. ಎರಡನೆಯ ಅಲಿ ಆದಿಲ್ ಶಾಹನ ಸಮಾಧಿ ನಮ್ಮಲ್ಲಿ ಬರೀ ಕಮಾನುಗಳಾಗಿ ನಿಂತುಬಿಟ್ಟಿತು. ಅವರು ಸುಮಾರು ಮುನ್ನೂರು ವರ್ಷ ಕಾದು ಗುಮ್ಮಟ ಮುಚ್ಚಿದರು. ಈಗ ಅದು ರಾಷ್ಟ್ರದ ಗಣ್ಯರ ಸ್ಮಾರಕ. ವಾಸ್ಕೊ ದ ಗಾಮ ಮತ್ತು ಅಲ್ಬುಕರ್ಕ್ ಇಬ್ಬರ ನೆನಪಿನ ಗೋರಿಗಳೂ ಅಲ್ಲಿವೆ. ಮಂಗಳವಾರ ಮತ್ತು ಶನಿವಾರ ಅದರ ಪಕ್ಕದಲ್ಲಿ ಹಳೆಯ ಸಾಮಾನಿನ ಸಂತೆ ಕೂಡುತ್ತದೆ. ಅದೇ ದಿಕ್ಕಿನಲ್ಲಿ ಇನ್ನೂ ಮುಂದೆ, 1509ರಲ್ಲಿ ಸ್ಥಾಪನೆಯಾದ ಸನ್ಯಾಸಿನಿಯರ ಮಠವೊಂದರಲ್ಲಿ, ಬಣ್ಣದ ಹೆಂಚುಗಳ ರಾಷ್ಟ್ರೀಯ ಸಂಗ್ರಹಾಲಯವಿದೆ. ಭೂಕಂಪಕ್ಕೆ ಮುಂಚಿನ ಲಿಸ್ಬನ್ನನ್ನು ಸುಮಾರು 23 ಮೀಟರ್ ಉದ್ದಕ್ಕೆ ನೀಲಿ ಬಿಳಿ ಹೆಂಚುಗಳ ಮೇಲೆ ಬರೆದ ಪಟ ಅಲ್ಲಿದೆ. ದುರಸ್ತಿಗಾಗಿ ಮುಚ್ಚಿಲ್ಲವೆಂದು ಖಚಿತಪಡಿಸಿಕೊಂಡು ಹೋಗಿರಿ; ಸೋಮವಾರ ಅಂತೂ ಇಂತಹ ಸರಕಾರಿ ಸಂಗ್ರಹಾಲಯಗಳು ಹೆಚ್ಚಾಗಿ ಮುಚ್ಚಿರುತ್ತವೆ.

ಬೆಲೆಂ

ವಿಜಯಪುರದವರು ಅತಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಬೆಲೆಂ. ಹೊಳೆ ಸಮುದ್ರ ಸೇರುವ ದಿಕ್ಕಿನಲ್ಲಿರುವ ಈ ಭಾಗಕ್ಕೆ 15ನೆಯ ನಂಬರಿನ ಟ್ರಾಮ್ ಹೋಗುತ್ತದೆ. ಕಾಯಿಶ್ ದು ಸೊದ್ರೆ ನಿಲ್ದಾಣದಿಂದ ಹೊರಡುವ ರೈಲು ಅದಕ್ಕಿಂತ ಬೇಗ ಮುಟ್ಟಿಸುತ್ತದೆ. ನೆಲ ಇಲ್ಲಿ ಅಂಗೈಯಂತೆ ಸಮವಾಗಿರುವುದರಿಂದ ಹಿಂದಿನ ದಿನ ಕಾಲು ದಣಿದವರಿಗೂ ತೊಂದರೆಯಿಲ್ಲ.

ಜೆರೋನಿಮುಶ್ ಮಠದ ಕೆಲಸ 1501ರಲ್ಲಿ ಆರಂಭವಾಯಿತು. ಆಫ್ರಿಕಾ ಮತ್ತು ಪೂರ್ವದ ದೇಶಗಳಿಂದ ಬರುತ್ತಿದ್ದ ಸರಕಿನ ಮೇಲೆ ನೂರಕ್ಕೆ ಐದರಂತೆ ಹಾಕಿದ ತೆರಿಗೆಯ ಹಣದಿಂದ ಅದನ್ನು ಕಟ್ಟಿದರು. ನಮ್ಮ ಪಶ್ಚಿಮ ಘಟ್ಟದ ಮೆಣಸು ಆ ಗೋಡೆಗಳಲ್ಲಿ ಕಲ್ಲಾಗಿ ಕುಳಿತಿದೆ ಎಂದರೆ ತಪ್ಪಲ್ಲ. ಚರ್ಚಿನೊಳಗೆ ಕಾಲಿಟ್ಟ ಕೂಡಲೇ ಎಡಗಡೆ ವಾಸ್ಕೊ ದ ಗಾಮನ ಗೋರಿ, ಬಲಗಡೆ ಕವಿ ಲೂಯಿಸ್ ದ ಕಮೊಯಿಂಶ್‌ನದು. ಗಾಮ 1497ರ ಜುಲೈಯಲ್ಲಿ ಈ ದಂಡೆಯಿಂದಲೇ ಹೊರಟು ಮರುವರ್ಷ ಮೇ ತಿಂಗಳಲ್ಲಿ ಕೇರಳದ ಕರಾವಳಿ ಮುಟ್ಟಿದ. 1524ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿ ಸತ್ತ. ಅವನ ಎಲುಬುಗಳನ್ನು 1539ರಲ್ಲಿ ಪೋರ್ಚುಗಲ್ಲಿಗೆ ಒಯ್ದರು. ಗೋರಿಯ ಬದಿಯಲ್ಲಿ ಹಾಯಿ ಬಿಚ್ಚಿದ ಒಂದು ಹಡಗನ್ನು ಕಡೆದಿದ್ದಾರೆ, ತಪ್ಪದೆ ನೋಡಿರಿ. ಇಬ್ರಾಹಿಂ ರೋಜಾದ ಕಲ್ಲಿನ ಜಾಲಂದ್ರ ನೋಡಿ ಬೆಳೆದ ಕಣ್ಣಿಗೆ ಮಠದ ಒಳ ಅಂಗಳದ ಕಮಾನುಗಳು ಬಹಳ ಹೊತ್ತು ಕೆಲಸ ಕೊಡುತ್ತವೆ. ಹುರಿಗೊಂಡ ಹಗ್ಗ, ಗಂಟು, ಹವಳ, ಎಲೆ, ಹಡಗಿನವರು ಕಂಡ ಪ್ರಾಣಿಗಳು, ಎಲ್ಲವೂ ಸುಣ್ಣಕಲ್ಲಿನಲ್ಲಿವೆ. ಒಳ ಅಂಗಳಕ್ಕೆ ಸಮಯ ಗೊತ್ತುಮಾಡಿದ ಟಿಕೆಟನ್ನು ಆನ್‌ಲೈನಿನಲ್ಲಿ ಮೊದಲೇ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಬಿಸಿಲಿನಲ್ಲಿ ಸಾಲು ನಿಲ್ಲಬೇಕಾಗುತ್ತದೆ.

ಮಠದಿಂದ ಊರಿನ ಕಡೆಗೆ ಸ್ವಲ್ಪ ಹಿಂದಕ್ಕೆ ಬಂದರೆ ಅಧ್ಯಕ್ಷರ ಅರಮನೆಯ ಎದುರು ಒಂದು ತೋಟವಿದೆ. ಅದರ ನಡುವಿನ ಎತ್ತರದ ಕಂಬದ ತುದಿಯಲ್ಲಿ ನಿಂತವನೇ ಅಫೋನ್ಸೊ ದ ಅಲ್ಬುಕರ್ಕ್. ಹೆಚ್ಚಿನ ಪ್ರವಾಸಿಗರು ಇದರತ್ತ ನೋಡದೆ ಸಾಗುತ್ತಾರೆ. ನಾನು ಎರಡೂ ಸಲ ಇದರ ಕೆಳಗಿನ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತೆ. ಉಪಲಿ ಬುರುಜಿನ ಮೇಲೆ ಆಡಿ ಬೆಳೆದವನಿಗೆ, ತನ್ನ ಊರಿನ ದೊರೆಗಳ ಬಂದರನ್ನು ಕಿತ್ತುಕೊಂಡವನನ್ನು ಅವನ ಊರಿನಲ್ಲಿ ತಲೆಯೆತ್ತಿ ನೋಡುವಾಗ ಸಿಟ್ಟಾಗಲಿ ಮೆಚ್ಚುಗೆಯಾಗಲಿ ಬರಲಿಲ್ಲ. ಒಂದು ಕತೆಯನ್ನು ಎರಡೂ ಮನೆಗಳಲ್ಲಿ ಕೇಳಿದಂತಾಯಿತು. ಮಕ್ಕಳನ್ನು ಕರೆದುಕೊಂಡು ಹೋದವರು 1510ರ ಸಂಗತಿಯನ್ನು ಅಲ್ಲಿಯೇ ಕೂರಿಸಿ ಹೇಳಿರಿ.

ದಂಡೆಯ ಮೇಲಿನ ನಾವಿಕರ ಸ್ಮಾರಕ 1960ರದ್ದು. ಅದರ ಬುಡದಲ್ಲಿ 50 ಮೀಟರ್ ಅಗಲದ ಕಲ್ಲಿನ ದಿಕ್ಸೂಚಿ, ಅದರ ನಡುವೆ ಪ್ರಪಂಚದ ನಕಾಶೆ ಇದ್ದು ನಮ್ಮ ಕರಾವಳಿಯನ್ನು ಹುಡುಕಿ ಅದರ ಮೇಲೆ ನಿಲ್ಲಬಹುದು. ಬೆಲೆಂ ಬುರುಜನ್ನು ಹೊರಗಿನಿಂದ ನೋಡಿದರೆ ಸಾಕೆಂಬುದು ನನ್ನ ಅಭಿಪ್ರಾಯ. ಒಳಗಿನ ಇಕ್ಕಟ್ಟಾದ ಸುತ್ತುಮೆಟ್ಟಿಲು ವಯಸ್ಸಾದವರಿಗೆ ಹೇಳಿಸಿದ್ದಲ್ಲ.

ಊಟದ ಮಾತು

ಸಸ್ಯಾಹಾರಿಗಳು ಇಲ್ಲಿ ಎಚ್ಚರದಿಂದಿರಬೇಕು. ಬೇಕರಿಗಳಲ್ಲಿ ಕಾಣುವ ‘ಶಮೂಸಾ’ ಗೋವೆಯ ದಾರಿಯಿಂದ ಹೋದ ನಮ್ಮ ಸಮೋಸವೇ ಆದರೂ ಒಳಗೆ ಸಾಮಾನ್ಯವಾಗಿ ಮಾಂಸವಿರುತ್ತದೆ. ಹೆಸರಾಂತ ಪಾಸ್ತೆಲ್ ದ ನಾತಾ ಎಂಬ ಸಿಹಿ ತಿನಿಸು ಮೊಟ್ಟೆಯ ಹಳದಿಯಿಂದ ಮಾಡಿದ್ದು. ಮೊಟ್ಟೆ ತಿನ್ನುವವರು ಅದನ್ನು ಒಲೆಯಿಂದ ಇಳಿದ ಬಿಸಿಯಲ್ಲೇ, ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ತಿನ್ನಬೇಕು; ಬೆಲೆಂನಲ್ಲಿ 1837ರಿಂದ ಅದನ್ನು ಮಾಡುತ್ತಿರುವ ಅಂಗಡಿಯ ಒಳಕೋಣೆಗಳಲ್ಲಿ ಕೂರಲು ಬೇಕಾದಷ್ಟು ಜಾಗವಿದೆ. ಕಾಲ್ದು ವೆರ್ದ್ ಎಂಬ ಸೊಪ್ಪು-ಬಟಾಟಿಯ ಸಾರು ಹೆಸರಿನಲ್ಲಿಯೂ ಬಣ್ಣದಲ್ಲಿಯೂ ಹಸಿರು. ಒಂದು ಖಾನಾವಳಿಯಲ್ಲಿ ಅದನ್ನು ತರಿಸಿ ಅವ್ವ ಅರ್ಧ ಬಟ್ಟಲು ಮುಗಿಸಿದ ಮೇಲೆ ತಳದಲ್ಲಿ ಹಂದಿಮಾಂಸದ ಒಂದು ಬಿಲ್ಲೆ ಕಂಡಿತು. ಅವ್ವ ಏನೂ ಅನ್ನದೆ ಚಮಚ ಕೆಳಗಿಟ್ಟಳು, ಅಂದು ರಾತ್ರಿ ಉಣ್ಣಲಿಲ್ಲ. ಕೇಳದೆ ತರಿಸಿದ್ದು ನನ್ನ ತಪ್ಪು. ಅಂದಿನಿಂದ ಕುಳಿತ ಕೂಡಲೇ “ಸಾಂಯ್ ಕಾರ್ನ್, ಸಾಂಯ್ ಪೇಶ್, ಸಾಂಯ್ ಓವು” ಎಂದು ಹೇಳುವುದನ್ನು ರೂಢಿ ಮಾಡಿಕೊಂಡೆ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ ಎಂದು ಅದರ ಅರ್ಥ. ಇದನ್ನು ಚೀಟಿಯಲ್ಲಿ ಬರೆಸಿಕೊಂಡು ಜೇಬಿನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕೇಳದಿದ್ದರೂ ಮೇಜಿನ ಮೇಲೆ ಬ್ರೆಡ್ಡು, ಬೆಣ್ಣೆ, ಆಲಿವ್ ಕಾಯಿ ತಂದಿಡುತ್ತಾರೆ. ಅದು ಪುಕ್ಕಟೆಯಲ್ಲ, ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಬೇಡವೆಂದರೆ ಬೇಸರಿಸದೆ ತೆಗೆದುಕೊಂಡು ಹೋಗುತ್ತಾರೆ. ಚಹಾಕ್ಕೆ ಅಲ್ಲಿಯೂ ‘ಶಾ’ ಎನ್ನುತ್ತಾರೆ, ಆದರೆ ಹಾಲು ಹಾಕಿರುವುದಿಲ್ಲ, “ಕೋಂ ಲೇಯ್ತ್” ಎಂದು ಹೇಳಬೇಕು. ಊರಿನ ಉತ್ತರಕ್ಕೆ ಲುಮಿಯಾರ್ ಭಾಗದಲ್ಲಿ ಮಹಾತ್ಮ ಗಾಂಧಿಯವರ ಹೆಸರಿನ ಬೀದಿಯಲ್ಲಿಯೇ ರಾಧಾಕೃಷ್ಣ ದೇವಾಲಯವಿದ್ದು, ಅಲ್ಲಿಯ ಸಸ್ಯಾಹಾರಿ ಊಟದ ಮನೆಗೆ ಹೊರಗಿನವರೂ ಹೋಗುತ್ತಾರೆ. ಅದನ್ನು ನಡೆಸುವ ಸಮುದಾಯದಲ್ಲಿ ಮೊಜಾಂಬಿಕ್ ಮುಖಾಂತರ ಅಲ್ಲಿಗೆ ಬಂದು ನೆಲೆಸಿದ ಗುಜರಾತಿ ಮನೆತನದವರೇ ಬಹಳ.

ಸುತ್ತಲಿನ ಊರುಗಳು

ಸಿಂತ್ರಾಕ್ಕೆ ಒಂದು ಪೂರ್ತಿ ದಿನ ಬೇಕು. ರೊಸ್ಸಿಯು ನಿಲ್ದಾಣದಿಂದ ರೈಲಿನಲ್ಲಿ ಸುಮಾರು 40 ನಿಮಿಷ. ವಾರದ ನಡುವಿನ ದಿನ, ಬೆಳಗಿನ ಮೊದಲ ರೈಲುಗಳಲ್ಲಿ ಹೋಗಬೇಕು. ಲಿಸ್ಬನ್ನಿನಲ್ಲಿ ಬಿಸಿಲಿದ್ದಾಗಲೂ ಆ ಬೆಟ್ಟದ ಮೇಲೆ ಮಂಜು ಕವಿದಿರುತ್ತದೆ. ಅವ್ವನಿಗೆ ಶಾಲು ಒಯ್ದದ್ದು ಒಳ್ಳೆಯದಾಯಿತು. ಎರಡನೆಯ ಫರ್ಡಿನಾಂಡ್ ದೊರೆ 19ನೆಯ ಶತಮಾನದಲ್ಲಿ ಕಟ್ಟಿಸಿದ ಪೇನಾ ಅರಮನೆ ಕೆಂಪು ಹಳದಿ ಬಣ್ಣಗಳಲ್ಲಿ ಬೆಟ್ಟದ ತುದಿಯ ಮೇಲೆ ನಿಂತಿದೆ. ನಿಲ್ದಾಣದಿಂದ ಬಸ್ಸು ಅದರ ಹೆಬ್ಬಾಗಿಲವರೆಗೆ ಹೋಗುತ್ತದೆ. ಅಲ್ಲಿಂದ ಅರಮನೆಗೆ ಅರ್ಧ ತಾಸಿನ ಕಡಿದಾದ ಏರು ಬೇರೆಯೇ ಇದೆ ಎಂಬುದನ್ನು ಟಿಕೆಟ್ಟಿನ ಸಮಯ ಗೊತ್ತುಮಾಡುವಾಗ ಲೆಕ್ಕಕ್ಕೆ ಹಿಡಿಯಬೇಕು. ಒಳಗಿನ ಸಣ್ಣ ಬಂಡಿಗೆ ಕೆಲವು ಯೂರೋ ಕೊಟ್ಟರೆ ಏರು ತಪ್ಪುತ್ತದೆ.

ಮೊದಲ ಸಲ ನಾನು ಪೇನಾ, ಮೂರ್ ಜನರ ಕೋಟೆ, ರೆಗಲೇಯ್ರಾ ತೋಟ ಮೂರನ್ನೂ ಒಂದೇ ದಿನ ನೋಡಲು ಹೋಗಿ ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಎರಡು ಸಾಕು. ನನ್ನನ್ನು ಕೇಳಿದರೆ ಪೇನಾದ ಜೊತೆಗೆ ಮೊನ್ಸೆರಾತ್ ಅರಮನೆಯನ್ನು ಆರಿಸಿಕೊಳ್ಳಿರಿ. ಜನ ಕಡಿಮೆ, ತೋಟ ದೊಡ್ಡದು. ಆ ಅರಮನೆಯ ಗುಮ್ಮಟಗಳಲ್ಲಿ, ಸಾಲುಕಮಾನುಗಳಲ್ಲಿ, ಕಡೆದ ಜಾಲರಿಗಳಲ್ಲಿ ಮುಸ್ಲಿಂ ದೇಶಗಳ ಮತ್ತು ಭಾರತದ ಕೈವಾಡವನ್ನು ನಮ್ಮೂರಿನವರು ಒಂದೇ ನೋಟಕ್ಕೆ ಗುರುತಿಸುತ್ತಾರೆ. ರೆಗಲೇಯ್ರಾದ 27 ಮೀಟರ್ ಆಳದ ಸುತ್ತುಮೆಟ್ಟಿಲ ಬಾವಿಯನ್ನು ಕಾಲು ಗಟ್ಟಿಯಿರುವವರು ನೋಡಲಿ.

ಯುರೋಪ್ ಖಂಡದ ನೆಲ ಪಶ್ಚಿಮಕ್ಕೆ ಮುಗಿಯುವ ಕಾಬು ದಾ ರೋಕಾ ಸಿಂತ್ರಾದಿಂದ ಬಸ್ಸಿನ ದಾರಿ. 140 ಮೀಟರ್ ಎತ್ತರದ ಬಂಡೆ, ಕೆಳಗೆ ಅಟ್ಲಾಂಟಿಕ್. ಗಾಳಿ ವಿಪರೀತ, ಬೇಲಿ ದಾಟಿ ಅಂಚಿಗೆ ಹೋಗಿ ಫೋಟೋ ತೆಗೆಯುವ ಹುಚ್ಚು ಬೇಡ.

ಕಷ್ಕಾಯಿಶ್ ಸಮುದ್ರ ದಂಡೆಯ ಸಣ್ಣ ಊರು. ಕಾಯಿಶ್ ದು ಸೊದ್ರೆಯಿಂದ ಸುಮಾರು 40 ನಿಮಿಷದ ರೈಲಿನಲ್ಲಿ ಹೋಗುವಾಗ ಎಡಗಡೆ ಕುಳಿತರೆ ಹೊಳೆ ಹಿಗ್ಗುತ್ತ ಸಮುದ್ರವಾಗುವುದನ್ನು ಕಿಟಕಿಯಿಂದಲೇ ನೋಡಬಹುದು. ನೀರು ಗೋವೆಯದರಂತೆ ಬೆಚ್ಚಗಿರುತ್ತದೆಂದು ಇಳಿಯಬೇಡಿರಿ. ನಡುಬೇಸಿಗೆಯಲ್ಲಿಯೂ ಮೈ ನಡುಗುವಷ್ಟು ತಣ್ಣಗಿರುತ್ತದೆ. ದಕ್ಷಿಣಕ್ಕಿರುವ ಸೆತುಬಾಲ್ ಊರು, ಅರ್ರಾಬಿದಾ ಬೆಟ್ಟ ಚೆಲುವಾಗಿದ್ದರೂ ಬೆಟ್ಟ ಸುತ್ತಲು ಕಾರು ಬೇಕು. ವಾರದೊಳಗೆ ಮರಳುವವರು ಬಿಟ್ಟರೆ ನಷ್ಟವಿಲ್ಲ.

ಹೊಳೆಯಾಚೆಯ ಕಸೀಲ್ಯಶ್‌ಗೆ ದೋಣಿಯ ಪ್ರಯಾಣ ಮಾತ್ರ ಬಿಡಬಾರದು. ಕಾಯಿಶ್ ದು ಸೊದ್ರೆಯಿಂದ ಹತ್ತು ನಿಮಿಷದ ದಾರಿ, ಅದೇ ಕಾರ್ಡು ಸಾಕು. ಬಲಗಡೆ ಕಾಣುವ ಕೆಂಪು ಸೇತುವೆ 1966ರಲ್ಲಿ ಸರ್ವಾಧಿಕಾರಿ ಸಲಜಾರ್‌ನ ಹೆಸರಿನಲ್ಲಿ ತೆರೆದದ್ದು. 1974ರ ಏಪ್ರಿಲ್ 25ರ ಕ್ರಾಂತಿಯ ನಂತರ ಆ ದಿನಾಂಕವೇ ಅದರ ಹೆಸರಾಯಿತು. ಆಚೆ ದಂಡೆಯಲ್ಲಿ ಇಳಿದು ಒಂದು ಶಾ ಕುಡಿದು, ಸಂಜೆ ಬಿಸಿಲು ಊರಿನ ಮೇಲೆ ಬೀಳುವ ಹೊತ್ತಿಗೆ ಮರಳುವ ದೋಣಿ ಹತ್ತಬೇಕು. ನಾವು ಇದನ್ನು ಕೊನೆಯ ದಿನಕ್ಕೆ ಉಳಿಸಿಕೊಂಡಿದ್ದೆವು. ನೀರಿನ ಮೇಲಿನಿಂದ ನೋಡಿದಾಗ ಗುಡ್ಡಗಳು ಒಂದರ ಪಕ್ಕ ಒಂದು ಸಾಲಾಗಿ ನಿಂತಿದ್ದವು. ಗ್ರಾಸಾ, ಕೋಟೆ, ನಡುವಿನ ತಗ್ಗಿನ ಪೇಟೆ, ಕಾರ್ಮು, ಎಲ್ಲ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಅವ್ವ ಬೆರಳು ಮಾಡಿ ಯಾವ ಯಾವ ಏರನ್ನು ಯಾವ ದಿನ ಇಳಿದೆವೆಂದು ಒಂದೊಂದಾಗಿ ತೋರಿಸಿದಳು. ಹನ್ನೊಂದು ದಿನ ನಕಾಶೆಯಲ್ಲಿ ನಾನು ಹುಡುಕಿದ್ದು ಅಲ್ಲಿ ಹತ್ತು ನಿಮಿಷದಲ್ಲಿ ಕಣ್ಣೆದುರಿಗಿತ್ತು. ನೀವು ಮೊದಲ ದಿನದ ಸಂಜೆಯೇ ಆ ದೋಣಿ ಹತ್ತಿರಿ.